ಪೆನ್ ಡ್ರೈವ್: ಕಾಣೆಯಾದ ಸ್ಥಳವನ್ನು ಮರಳಿ ಪಡೆಯುವ ಬಗೆ

ಮನೆಯ ಹಳೆಯ ಕಂಪ್ಯೂಟರಿಗೆ ವಿಂಡೋಸನ್ನು ಹೊಸದಾಗಿ ಅಳವಡಿಸಲು 64 ಜಿಬಿ ಸಾಮರ್ಥ್ಯದ ಪೆನ್ ಡ್ರೈವ್ ಒಂದನ್ನು ಬಳಸಲಾಯಿತೆಂದು ಭಾವಿಸೋಣ. ಕಾರ್ಯವು ಸುಸೂತ್ರವಾಗಿ ಮುಗಿಯಿತು. ತರುವಾಯ ಅದನ್ನು ಫಾರ್ಮ್ಯಾಟ್ ಮಾಡಿ, ಊರಿನ ಮದುವೆಯ ಚಿತ್ರಗಳನ್ನೋ ತಾಯಿಯ ಸ್ಕ್ಯಾನಿಂಗ್ ವರದಿಗಳನ್ನೋ ತುಂಬಿಡಲು ಹೊರಟರೆ, ಪರದೆಯ ಮೇಲೆ ಕಾಣುವುದು 32 ಜಿಬಿ ಮಾತ್ರ! ಲಿನಕ್ಸ್ ಬರೆದ ಡ್ರೈವುಗಳಲ್ಲಂತೂ ಕೆಲವೊಮ್ಮೆ ಕೆಲವೇ ಎಂಬಿ ಉಳಿದಂತೆ ತೋರುತ್ತದೆ. ಮತ್ತೆ ಮತ್ತೆ ಫಾರ್ಮ್ಯಾಟ್ ಮಾಡಿದರೂ ಫಲವಿಲ್ಲ. ಡ್ರೈವು ಕೆಟ್ಟಿತೆಂದು ಬಿಸಾಡಿ ಹೊಸದನ್ನು ಕೊಳ್ಳುವವರುಂಟು. ವಾಸ್ತವವಾಗಿ ಅಲ್ಲಿ ಏನೂ ಕೆಟ್ಟಿರುವುದಿಲ್ಲ.

ಕಾರಣವೇನು?

ಊರಿನಲ್ಲಿ ಅರವತ್ತನಾಲ್ಕು ಎಕರೆ ಜಮೀನಿದ್ದು, ಪಹಣಿಯಲ್ಲಿ ಮೂವತ್ತೆರಡು ಎಕರೆ ಮಾತ್ರ ದಾಖಲಾಗಿದ್ದರೆ, ಉಳಿದ ಭೂಮಿ ಎಲ್ಲಿಯೂ ಹೋಗಿರುವುದಿಲ್ಲ. ಕಾಗದದಲ್ಲಿ ಇಲ್ಲ, ಅಷ್ಟೇ. ಪೆನ್ ಡ್ರೈವಿನ ಆರಂಭದಲ್ಲಿಯೂ ಇಂತಹ ಒಂದು ಪಹಣಿಯಿರುತ್ತದೆ. ಅದಕ್ಕೆ 'ಪಾರ್ಟಿಷನ್ ಟೇಬಲ್' ಎಂದು ಹೆಸರು. ವಿಂಡೋಸ್ ಅಳವಡಿಸಲು ಡ್ರೈವನ್ನು ಸಿದ್ಧಪಡಿಸುವ ಸಾಧನವು ಎಫ್‌ಎಟಿ32 ಪದ್ಧತಿಯ 32 ಜಿಬಿ ಭಾಗವೊಂದನ್ನು ಮಾತ್ರ ಅದರಲ್ಲಿ ದಾಖಲಿಸಿ, ಉಳಿದುದನ್ನು ಹಂಚಿಕೆಯಾಗದ ಸ್ಥಳವಾಗಿ ಬಿಟ್ಟುಬಿಡುತ್ತದೆ. ಸಾಮಾನ್ಯ ಫಾರ್ಮ್ಯಾಟ್ ಕ್ರಿಯೆಯು ದಾಖಲಾದ ಭಾಗವನ್ನು ಮಾತ್ರ ಹಸನು ಮಾಡುತ್ತದೆ, ಎಲ್ಲೆಕಲ್ಲುಗಳನ್ನು ಕದಲಿಸುವುದಿಲ್ಲ. ಆದುದರಿಂದ ತಿದ್ದಬೇಕಾದುದು ಪಹಣಿಯನ್ನೇ.

ಪರಿಹಾರೋಪಾಯ

ಈ ಕಾರ್ಯದಿಂದ ಡ್ರೈವಿನಲ್ಲಿರುವ ಸಮಸ್ತವೂ ಅಳಿದುಹೋಗುವುದರಿಂದ, ಬೇಕಾದುದನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳತಕ್ಕದ್ದು. ಕಂಪ್ಯೂಟರಿಗೆ ಜೋಡಿಸಿರುವ ಇತರ ಡ್ರೈವುಗಳನ್ನೆಲ್ಲ ಕಳಚಿಡುವುದು ಕ್ಷೇಮಕರ.

'ಸ್ಟಾರ್ಟ್' ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಬೇಕು. ಪೆನ್ ಡ್ರೈವನ್ನು ಅದರ ಗಾತ್ರದಿಂದ ಗುರುತಿಸಿ, ಅದರಲ್ಲಿರುವ ಭಾಗಗಳನ್ನು 'ಡಿಲೀಟ್ ವಾಲ್ಯೂಮ್' ಮೂಲಕ ಅಳಿಸಿ, ದೊರೆತ ಖಾಲಿ ಸ್ಥಳದಲ್ಲಿ 'ನ್ಯೂ ಸಿಂಪಲ್ ವಾಲ್ಯೂಮ್' ರಚಿಸಬೇಕು.

ಕೆಲವೆಡೆ ಅಳಿಸುವ ಆಜ್ಞೆಯು ಮಂಕಾಗಿ ಕಂಡು ಕೆಲಸ ಮಾಡದಿರಬಹುದು. ಆಗ 'ಡಿಸ್ಕ್‌ಪಾರ್ಟ್' ಎಂಬ ಸಾಧನವನ್ನು ತೆರೆದು 'ಲಿಸ್ಟ್ ಡಿಸ್ಕ್' ಎಂದು ಟೈಪು ಮಾಡಿದರೆ ಡಿಸ್ಕುಗಳ ಪಟ್ಟಿ ಬರುತ್ತದೆ. 'ಸೆಲೆಕ್ಟ್ ಡಿಸ್ಕ್' ಎಂದು ಬರೆದು ಪೆನ್ ಡ್ರೈವಿನ ಸಂಖ್ಯೆಯನ್ನು ಸೇರಿಸಿ, ಅನಂತರ 'ಕ್ಲೀನ್', 'ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ' ಎಂಬ ಆಜ್ಞೆಗಳನ್ನು ಕ್ರಮವಾಗಿ ಕೊಡಬೇಕು. ಆಮೇಲೆ ಎಂದಿನಂತೆ ಫಾರ್ಮ್ಯಾಟ್ ಮಾಡಿದರಾಯಿತು.

ಇಲ್ಲಿ ಎಚ್ಚರ ಅತ್ಯಗತ್ಯ. 'ಕ್ಲೀನ್' ಆಜ್ಞೆಯು "ಖಂಡಿತವೇ?" ಎಂದು ಮರುಪ್ರಶ್ನೆ ಕೇಳುವುದಿಲ್ಲ. ಸಂಖ್ಯೆ ತಪ್ಪಿದರೆ ಪೆನ್ ಡ್ರೈವಿನ ಬದಲು ಮನೆಮಂದಿಯ ದಾಖಲೆಗಳೆಲ್ಲ ಇರುವ ಮತ್ತೊಂದು ಡಿಸ್ಕಿನ ಪಹಣಿಯೇ ಅಳಿದೀತು. ಚೆಕ್ಕಿನ ಮೇಲೆ ಸಹಿ ಹಾಕುವ ಮುನ್ನ ಮೊತ್ತವನ್ನು ಎರಡು ಸಲ ನೋಡುವಂತೆ, ಇಲ್ಲಿಯೂ ಸಂಖ್ಯೆ ಮತ್ತು ಗಾತ್ರಗಳನ್ನು ಎರಡು ಸಲ ನೋಡಬೇಕು.

ಫಾರ್ಮ್ಯಾಟ್ ಮಾಡುವಾಗ 'ಎಕ್ಸ್‌ಫ್ಯಾಟ್' ಪದ್ಧತಿಯನ್ನು ಆರಿಸಿಕೊಳ್ಳುವುದು ಲೇಸು. ಎಫ್‌ಎಟಿ32 ಪದ್ಧತಿಯಲ್ಲಿ 4 ಜಿಬಿ ತಲುಪಿದ ಕಡತವು ಹಿಡಿಸುವುದಿಲ್ಲ. ಆದರೆ ಕಾರಿನ ಹಳೆಯ ಸಂಗೀತ ಯಂತ್ರಗಳಿಗೆ ಎಫ್‌ಎಟಿ32 ಒಂದೇ ಅರ್ಥವಾಗುವುದುಂಟು.

ಶಿಲ್ಕು ತಾಳೆಯಾಗಿದೆಯೇ?

ಇಷ್ಟಾದ ಮೇಲೆಯೂ 64 ಜಿಬಿ ಡ್ರೈವು ಸುಮಾರು 59.6 ಜಿಬಿ ಎಂದೇ ತೋರುತ್ತದೆ. ಇದು ನಷ್ಟವಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರ ಪರಿಣಾಮ.

ಭಯಪಡಬೇಕಾದುದು ಇದಕ್ಕೆ ತದ್ವಿರುದ್ಧವಾದ ಸ್ಥಿತಿಗೆ. ಅತ್ಯಲ್ಪ ಬೆಲೆಗೆ ಮಾರಾಟವಾಗುವ ಕೆಲವು ಖೋಟಾ ಡ್ರೈವುಗಳು ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ತೋರಿಸುತ್ತವೆ. ಪುಸ್ತಕದಲ್ಲಿ ಶಿಲ್ಕು ಇದ್ದು ತಿಜೋರಿ ಬರಿದಾಗಿರುವ ಪರಿಯಿದು. ತುಂಬಿಸಿದ ಕಡತಗಳ ಹೆಸರು ಕಾಣುತ್ತದೆ, ತೆರೆದರೆ ಒಳಗೇನೂ ಇಲ್ಲ. ಇಂತಹ ಡ್ರೈವನ್ನು ಯಾವ ಆಜ್ಞೆಯೂ ಸರಿಪಡಿಸಲಾರದು. 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ಸಾಧನವು ಖಾಲಿ ಡ್ರೈವನ್ನು ಪೂರ್ತಿ ತುಂಬಿ, ಮರಳಿ ಓದಿ, ನಿಜಾಂಶವನ್ನು ತಿಳಿಸುತ್ತದೆ. ಹೊಸ ಡ್ರೈವಿಗೆ ಈ ಪರೀಕ್ಷೆಯನ್ನು ಮೊದಲೇ ಮಾಡುವುದು ವಿವೇಕ.

ಕೊನೆಯದಾಗಿ, ಸ್ಥಳ ಮರಳಿ ದೊರೆತ ಸಂತೋಷದಲ್ಲಿ ಎಲ್ಲವನ್ನೂ ಆ ಒಂದೇ ಪೆನ್ ಡ್ರೈವಿಗೆ ಒಪ್ಪಿಸಿಬಿಡಬಾರದು. ಖಾಲಿ ಸ್ಥಳವನ್ನು ಮರಳಿ ಪಡೆಯಬಹುದು. ವೈದ್ಯರಿಗೆ ತೋರಿಸಬೇಕಾದ ಹಳೆಯ ವರದಿಯಾಗಲಿ, ಗತಿಸಿದ ಹಿರಿಯರ ಧ್ವನಿಯಾಗಲಿ ಒಮ್ಮೆ ಅಳಿದರೆ ಮರಳುವ ಭರವಸೆಯಿಲ್ಲ. ಅವುಗಳ ಇನ್ನೊಂದು ಪ್ರತಿಯು ಬೇರೆಡೆ ಇರಲೇಬೇಕು.