ಹಾದಿಯ ಬದಿಯ ಒಂದು ಬಾಟಲಿ ನೀರು

ಮುಂಬೈ–ಪುಣೆ ಸೈಕಲ್ ಪಂದ್ಯದ ಹೆಸರು ನಮ್ಮೂರಿನವರಿಗೆ ಹೊಸದಲ್ಲ. ಖೋಪೋಲಿಯಿಂದ ಖಂಡಾಲದತ್ತ ಏರುವ ಬೋರ್ ಘಾಟಿಯೇ ಆ ಹಾದಿಯ ನಿಜವಾದ ಒರೆಗಲ್ಲು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರೆನಿಸಿವೆ. ಈಚೆಗೆ ನಮ್ಮ ಸಂಘದ ಸದಸ್ಯರ ಮಕ್ಕಳೂ ಹವ್ಯಾಸಕ್ಕಾಗಿ ಇಂತಹ ಪಂದ್ಯಗಳಿಗೆ ಇಳಿಯುತ್ತಿದ್ದಾರೆ. ಹಾದಿಯಲ್ಲಿ ಅವರಿಗೆ ನೀರು ಒದಗಿಸುವ ಹೊಣೆ ಬಹುಮಟ್ಟಿಗೆ ಮನೆಯವರದೇ. ಸುಲಭವೆಂದು ತೋರುವ ಈ ಕೆಲಸವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಎರಡು ವರ್ಷಗಳ ಹಿಂದೆ ನನ್ನ ಸೋದರಳಿಯ ಸ್ಥಳೀಯ ಪಂದ್ಯವೊಂದರಲ್ಲಿ ಭಾಗವಹಿಸಿದ್ದನು. ನಾನು ಇಳಿಜಾರಿನ ಕೊನೆಯಲ್ಲಿ ನಿಂತು, ಬಾಟಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಚಾಚಿದೆನು. “ಬಿಡಿ ಮಾವ!” ಎಂದು ಅವನು ಕೂಗುವಷ್ಟರಲ್ಲಿ ಸೈಕಲ್ಲು ಹೊರಳಿ ಬಿದ್ದಿತ್ತು. ಕೊರಳೆಲುಬು ಮುರಿದು, ಅವನ ಕೈ ಆರು ವಾರ ಜೋಲಿಯಲ್ಲಿತ್ತು. ತಂಗಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೊದಲು ನೀರಿನ ಅಗತ್ಯವೇನೆಂದು ನೋಡೋಣ. ಬಿಸಿಲಿನಲ್ಲಿ ಶ್ರಮಿಸುವ ದೇಹವು ಗಂಟೆಗೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಬೆವರನ್ನು ಹೊರಹಾಕಬಹುದು. ದೇಹವು ತಂಪಾಗುವುದು ಈ ಬೆವರು ಆರುವುದರಿಂದಲೇ. ನಷ್ಟವು ದೇಹತೂಕದ ಶೇಕಡ 2ನ್ನು ಮೀರಿದರೆ, ಎಂದರೆ 60 ಕಿಲೋ ತೂಕದವನಲ್ಲಿ 1.2 ಕಿಲೋ ದಾಟಿದರೆ, ರಕ್ತದ ಪ್ರಮಾಣ ತಗ್ಗಿ, ನಾಡಿ ಏರಿ, ಶಕ್ತಿ ಕುಂದತೊಡಗುತ್ತದೆ.

ಹಾಗೆಂದು ಮಿತಿಮೀರಿ ಕುಡಿಯುವುದೂ ಹಿತವಲ್ಲ. ಹಲವು ಗಂಟೆಗಳ ಕಾಲ ಬರಿಯ ನೀರನ್ನೇ ಅಳತೆ ತಪ್ಪಿ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಉಂಟಾಗುತ್ತವೆ, ಪ್ರಾಣಕ್ಕೂ ಅಪಾಯವಾಗಬಹುದು. ಆದುದರಿಂದ ಇಲ್ಲಿಯೂ ಜಮಾ-ಖರ್ಚಿನ ಲೆಕ್ಕ ಬೇಕು. ಅಭ್ಯಾಸದ ಮೊದಲೂ ಅನಂತರವೂ ತೂಗಿ ನೋಡಿರಿ. ಒಂದು ಕಿಲೋ ಕಡಿಮೆಯಾಗಿದ್ದರೆ, ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರು ಹೆಚ್ಚು ಬೆವರಿದೆ ಎಂದರ್ಥ; ತೂಕ ಏರಿದ್ದರೆ ಅತಿಯಾಗಿ ಕುಡಿದಂತಾಯಿತು. ಬಹುಮಂದಿಗೆ ಗಂಟೆಗೆ 400ರಿಂದ 800 ಮಿಲಿಲೀಟರು ಸಾಕು. ಒಂದು ಗಂಟೆಯನ್ನು ಮೀರುವ ಪಂದ್ಯಕ್ಕೆ, ಲೀಟರು ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಸ್ವಲ್ಪ ನಿಂಬೆರಸ ಬೆರೆಸಿದ ಪಾನಕ ಒಳ್ಳೆಯದು. ಮಧುಮೇಹ ಅಥವಾ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಇನ್ನು ಕೊಡುವ ಬಗೆ. ಸಂಘಟಕರು ಗುರುತಿಸಿದ ಜಾಗದಲ್ಲಿ, ಅವರು ಸೂಚಿಸಿದ ಬದಿಯಲ್ಲಿಯೇ ನಿಲ್ಲಬೇಕು. ಗಂಟೆಗೆ 30 ಕಿಲೋಮೀಟರು ವೇಗದ ಸೈಕಲ್ಲು ಒಂದು ಸೆಕೆಂಡಿನಲ್ಲಿ ಎಂಟು ಮೀಟರಿಗೂ ಹೆಚ್ಚು ಸಾಗುತ್ತದೆ. ಏರಿನಲ್ಲಿ ವೇಗವು ಅರ್ಧಕ್ಕಿಳಿದರೆ ಕೈಗೆ ತಗಲುವ ಪೆಟ್ಟೂ ಕುಗ್ಗುತ್ತದೆ. ಆದುದರಿಂದ ಆ ಜಾಗದಲ್ಲಿ ಏರಿರುವ ಕಡೆಯೇ ಯೋಗ್ಯ. ಬಾಟಲಿಯ ಕೊರಳನ್ನು ಬೆರಳ ತುದಿಗಳಲ್ಲಿ ಹಗುರಾಗಿ ಹಿಡಿದು, ತೋಳನ್ನು ಬದಿಗೆ ಚಾಚಿ, ಸವಾರ ಸಮೀಪಿಸಿದಾಗ ಅವನು ಸಾಗುವ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ನಡೆಯಿರಿ. ಅವನ ಕೈ ತಾಗಿದೊಡನೆ ಬಿಟ್ಟುಬಿಡಿ. ರಸ್ತೆಯೊಳಕ್ಕೆ ಕಾಲಿಡಬೇಡಿ. ಗುರುತಿಗಾಗಿ ಬಣ್ಣದ ಟೋಪಿ ಧರಿಸಿರಿ. ಮೊದಲನೆಯದು ತಪ್ಪಿದರೆ ಕೊಡಲು ಐವತ್ತು ಮೀಟರು ಮುಂದೆ ಮತ್ತೊಬ್ಬರು ನಿಂತಿರಲಿ.

ಸವಾರನು ಮುಂಚಿತವಾಗಿಯೇ ಅಂಚಿಗೆ ಸರಿದು, ಹಿಂದಿನವರಿಗೆ ಸನ್ನೆಮಾಡಿ, ಮೆಲ್ಲಗೆ ವೇಗ ತಗ್ಗಿಸಬೇಕು. ಹಠಾತ್ತನೆ ಬ್ರೇಕು ಹಾಕಬಾರದು. ಒಂದು ಕೈ ಹ್ಯಾಂಡಲಿನ ಮೇಲೆ ಭದ್ರವಾಗಿರಲಿ. ಬಾಟಲಿ ಕೈತಪ್ಪಿದರೆ ಅದರ ಹಿಂದೆ ತಿರುಗಬಾರದು. ಖಾಲಿ ಬಾಟಲಿಯನ್ನು ಗೊತ್ತುಪಡಿಸಿದ ಕಡೆಯಲ್ಲಿಯೇ ಎಸೆಯಬೇಕು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 2021ರಲ್ಲಿ ಈ ನಿಯಮವನ್ನು ಬಿಗಿಗೊಳಿಸಿತು.

ಕಳೆದ ವರ್ಷ ಅಳಿಯನು ಮತ್ತೆ ಪಂದ್ಯಕ್ಕಿಳಿದನು. ಅದಕ್ಕೆ ಮುನ್ನ ಮೂರು ಭಾನುವಾರ ಮುಂಜಾನೆ ಖಾಲಿ ಮೈದಾನದಲ್ಲಿ ನಾವಿಬ್ಬರೂ ಅಭ್ಯಾಸ ಮಾಡಿದೆವು. ಪಂದ್ಯದ ದಿನ ಬಾಟಲಿ ನನ್ನ ಬೆರಳುಗಳಿಂದ ಅವನ ಕೈಗೆ ಸದ್ದಿಲ್ಲದೆ ಜಾರಿತು. ಅವನಿಗೆ ಬಂದದ್ದು ಇಪ್ಪತ್ತೆರಡನೆಯ ಸ್ಥಾನ. ತಂಗಿ ಮಾತ್ರ ಆ ಸಂಜೆ ನನಗೆ ಪಾಯಸ ಬಡಿಸಿದಳು.