ಹೆಸರು ಹುಡುಕುವ ಸರ್ವರ್‌ಗೆ ಎರಡನೇ ದಾರಿ

2025ರ ಜುಲೈ 14ರಂದು ಕ್ಲೌಡ್‌ಫ್ಲೇರ್‌ನ 1.1.1.1 ಎಂಬ ಡಿಎನ್‌ಎಸ್ ಸೇವೆ, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ, 62 ನಿಮಿಷ ನಿಂತುಹೋಯಿತು. ಆಗ ಸಿಯಾಟಲ್‌ನಲ್ಲಿ ಮಧ್ಯಾಹ್ನ 2.52, ಕೆಲಸದ ಹೊತ್ತು. ಇಂಟರ್‌ನೆಟ್ ಲೈನ್ ಸರಿಯಾಗಿಯೇ ಇದ್ದರೂ ಅದೊಂದನ್ನೇ ನಂಬಿದ್ದವರಿಗೆ ಯಾವ ಸೈಟೂ ತೆರೆಯಲಿಲ್ಲ. ಮುನ್ನೆಚ್ಚರಿಕೆಯೆಂದು 1.0.0.1 ಅನ್ನೂ ಸೇರಿಸಿಕೊಂಡಿದ್ದವರ ಪಾಡೂ ಅಷ್ಟೇ. ಅದೂ ಅದೇ ಕಂಪನಿಯದು, ಜೊತೆಗೇ ಮಲಗಿತು.

ಸಿಯಾಟಲ್ ಪಕ್ಕದ ರೆಡ್ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ ಕೂತು ಹಗಲು ಆಫೀಸು, ರಾತ್ರಿ ಬೆಂಗಳೂರಿನ ತಂಡದ ಮೀಟಿಂಗ್ ಎಂದು ಮನೆಯಿಂದಲೇ ದುಡಿಯುವವರಿಗೆ ಇದರಲ್ಲೊಂದು ಪಾಠವಿದೆ: ಒಂದೇ ಕಂಪನಿಯನ್ನು ನಂಬಿ ಕೂರಬೇಡಿ.

ಮನೆಯ ರಾಸ್ಪ್‌ಬೆರಿ ಪೈ ಮೇಲೆ ಓಡುವ ಕ್ಯಾಶಿಂಗ್ ನೇಮ್ ಸರ್ವರ್ ಒಮ್ಮೆ ಸಿಕ್ಕ ಉತ್ತರವನ್ನು ಅದರ ಅವಧಿ, ಅಂದರೆ ಟಿಟಿಎಲ್, ಮುಗಿಯುವವರೆಗೆ ಇಟ್ಟುಕೊಳ್ಳುತ್ತದೆ. ಗೊತ್ತಿಲ್ಲದ ಹೆಸರು ಬಂದರೆ ಫಾರ್ವರ್ಡರ್‌ಗೆ, ಅಂದರೆ ಹೊರಗಿನ ಡಿಎನ್‌ಎಸ್ ಸರ್ವರ್‌ಗೆ, ದಾಟಿಸುತ್ತದೆ. ಫಾರ್ವರ್ಡರ್‌ಗಳನ್ನು ಬೇರೆ ಬೇರೆ ಸಂಸ್ಥೆಗಳಿಂದ ಆರಿಸಿ: ಕ್ಲೌಡ್‌ಫ್ಲೇರ್‌ನ 1.1.1.1, ಕ್ವಾಡ್9ರ 9.9.9.9, ಗೂಗಲ್‌ನ 8.8.8.8.

ಎಲ್ಲವೂ ಕೈಕೊಟ್ಟರೆ? ನೇಮ್ ಸರ್ವರ್ ತಂತ್ರಾಂಶವಾದ ಬೈಂಡ್‌ನಲ್ಲಿ ‘ಫಾರ್ವರ್ಡ್ ಫಸ್ಟ್’ ಎಂದಿದ್ದರೆ ಸರ್ವರ್ ತಾನೇ ರೂಟ್ ಸರ್ವರ್‌ಗಳಿಂದ ಶುರುಮಾಡಿ ಉತ್ತರ ಹುಡುಕುತ್ತದೆ. ‘ಫಾರ್ವರ್ಡ್ ಓನ್ಲಿ’ ಎಂದಿದ್ದರೆ ಅಲ್ಲಿಗೇ ಕೈಚೆಲ್ಲುತ್ತದೆ. ಹೊರಗಿನ ಹೆಸರುಗಳಿಗೆ ಮೊದಲನೆಯದು ಒಳ್ಳೆಯದು. ಆಫೀಸಿನ ಒಳಗಿನ ಹೆಸರುಗಳು ಹೊರಗೆ ಸೋರಬಾರದು. ಅವಕ್ಕೆ ಪ್ರತ್ಯೇಕ ಜೋನ್ ಮಾಡಿ ‘ಓನ್ಲಿ’ ಹಾಕಿ. ಒಂದು ಮಾತು ನೆನಪಿರಲಿ: ‘ಆ ಹೆಸರೇ ಇಲ್ಲ’ ಎಂಬುದೂ ಉತ್ತರವೇ. ಮೊದಲ ಫಾರ್ವರ್ಡರ್ ಹಾಗೆಂದರೆ ಸರ್ವರ್ ಎರಡನೆಯದನ್ನು ಕೇಳುವುದಿಲ್ಲ.

ಈ ಬದಲಿ ವ್ಯವಸ್ಥೆ ಸರ್ವರ್‌ನಲ್ಲೇ ಇರಬೇಕು, ಲ್ಯಾಪ್‌ಟಾಪ್‌ಗಳಿಗೆ ಬಿಡಬಾರದು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲ ವಿಳಾಸ ಉತ್ತರಿಸದಿದ್ದರೆ 5 ಸೆಕೆಂಡ್ ಕಾದ ಮೇಲೆಯೇ ಎರಡನೆಯದಕ್ಕೆ ಹೋಗುತ್ತದೆ, ಅದೂ ಮತ್ತೆ ಮತ್ತೆ. ಬೈಂಡ್ ಮತ್ತು ಅಂಥದ್ದೇ ತಂತ್ರಾಂಶವಾದ ಅನ್‌ಬೌಂಡ್‌ಗಳಾದರೋ ಯಾವ ಫಾರ್ವರ್ಡರ್ ಎಷ್ಟು ಬೇಗ ಉತ್ತರಿಸುತ್ತದೆಂದು ಅಳೆದಿಟ್ಟುಕೊಂಡು, ಸತ್ತದ್ದನ್ನು ಬದಿಗೆ ಸರಿಸುತ್ತವೆ.

ಇನ್ನೊಂದು ಆಸರೆ, ಅವಧಿ ಮೀರಿದ ಉತ್ತರ. ಹೊಸದು ಸಿಗದಿದ್ದಾಗ ಹಳೆಯದನ್ನೇ ಕೊಡಲು 2020ರ ಆರ್‌ಎಫ್‌ಸಿ 8767 ಅವಕಾಶ ಕೊಟ್ಟಿದೆ. ಅನ್‌ಬೌಂಡ್‌ನಲ್ಲಿ ಇದಕ್ಕೆ ‘ಸರ್ವ್ ಎಕ್ಸ್‌ಪೈರ್ಡ್’ ಎಂಬ ಆಯ್ಕೆಯಿದೆ.

ಈ ಭಾಗದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದೂ ಉಂಟು. 2024ರ ನವೆಂಬರ್ 19ರ ಬಿರುಗಾಳಿಯಲ್ಲಿ ಹಲವು ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಬಂದಾಗ ಅದು ಹಳೆಯ ತಾರೀಖಿನಲ್ಲೇ ಏಳುತ್ತದೆ. ಆಗ ಉತ್ತರ ಅಸಲಿಯೆಂದು ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಸಹಿಗಳು ಅದರ ಲೆಕ್ಕಕ್ಕೆ ಇನ್ನೂ ಚಾಲ್ತಿಗೆ ಬಂದಿರದೆ ತಿರಸ್ಕೃತವಾಗಬಹುದು; ಸಮಯ ಕೇಳೋಣವೆಂದರೆ ಸಮಯದ ಸರ್ವರ್‌ನ ಹೆಸರೂ ಬಿಡಿಸಲಾಗದು. ಚಿಕ್ಕ ಗಡಿಯಾರದ ಮಾಡ್ಯೂಲ್ ಜೋಡಿಸಿದರೆ ಈ ಗಂಟು ಬಿಚ್ಚುತ್ತದೆ.

ಕೊನೆಗೆ ಪರೀಕ್ಷೆ. ಫೈರ್‌ವಾಲ್‌ನಲ್ಲಿ ಮೊದಲ ಫಾರ್ವರ್ಡರ್ ತಡೆದು, ಕ್ಯಾಶ್ ಖಾಲಿ ಮಾಡಿ, ‘ಡಿಗ್’ ಕಮಾಂಡ್‌ನಿಂದ ಒಂದು ಹೆಸರು ಕೇಳಿ. ಕ್ಯಾಶ್ ಖಾಲಿ ಮಾಡದಿದ್ದರೆ ಹಳೆಯ ಉತ್ತರವೇ ಬಂದು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಹೀಗೆ ಒಂದೊಂದನ್ನೇ ತಡೆಯುತ್ತ ಹೋಗಿ, ಕೊನೆಗೆ ಎಲ್ಲವನ್ನೂ ತಡೆದು ನೋಡಿ.