ಹಳೆಯ ಕಾಗದ, ಹೊಸ ಚೀಲ

ಕಳೆದ ಮಳೆಗಾಲದ ಒಂದು ಸಂಜೆ ಸಂತೆಯಿಂದ ಮನೆಗೆ ಬರುತ್ತಿದ್ದೆ. ನಾನೇ ಮಡಿಚಿ ಅಂಟಿಸಿದ್ದ ಕಾಗದದ ಚೀಲ ನಡುಬೀದಿಯಲ್ಲಿ ತಳ ಬಿಟ್ಟಿತು. ನಿಂಬೆಹಣ್ಣುಗಳು ಚರಂಡಿಯ ಕಡೆಗೆ ಉರುಳಿದವು. ಆರಿಸಿಕೊಡಲು ಓಡಿಬಂದವಳು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ. ಹರಿದ ಚೀಲವನ್ನು ತಿರುಗಿಸಿ ನೋಡಿ, “ತಳ ಸರಿಯಾಗಿ ಮಡಿಚಿಲ್ಲ ಸಾರ್” ಎಂದಳು. ಆಕೆಯ ತಾಯಿ ಅಂಗಡಿಗಳಿಗೆ ನೂರರ ಲೆಕ್ಕದಲ್ಲಿ ಕಾಗದದ ಚೀಲ ಮಾಡಿಕೊಡುತ್ತಾರೆ. ವರ್ಷಗಟ್ಟಲೆ ‘ಮಿತವ್ಯಯ’ವೆಂಬ ವಿಷಯದ ಮೇಲೆ ಪ್ರಬಂಧ ಬರೆಸಿದವನು ನಾನು, ಅದರ ಒಂದು ಪಾಠವನ್ನು ಆ ಮಗುವಿನಿಂದ ಕಲಿಯಬೇಕಾಯಿತು. ಕಲಿತದ್ದನ್ನು ಓದುಗರ ಮುಂದಿಡುತ್ತೇನೆ.

ಪೊಟ್ಟಣ ಬೇರೆ, ಚೀಲ ಬೇರೆ. ಕಾಗದವನ್ನು ಸುರುಳಿ ಸುತ್ತಿ, ಬಾಯಿ ಮಡಿಚಿದರೆ ಪೊಟ್ಟಣ. ಅದಕ್ಕೆ ತಳವೆಂಬುದಿಲ್ಲ, ಕೆಳಗಿಟ್ಟರೆ ಮಲಗುತ್ತದೆ. ಚೀಲವಾದರೋ ತನ್ನ ತಳದ ಮೇಲೆ ತಾನೇ ನಿಲ್ಲಬೇಕು. ಇಂಥ ಚಪ್ಪಟೆ ತಳದ ಚೀಲ ಮಾಡುವ ಯಂತ್ರಕ್ಕೆ ಅಮೆರಿಕದಲ್ಲಿ 1871ರಲ್ಲಿ ಹಕ್ಕುಪತ್ರ ಪಡೆದವಳು ಮಾರ್ಗರೆಟ್ ನೈಟ್ ಎಂಬ ಮಹಿಳೆ. ಅವಳ ಯೋಚನೆಯನ್ನು ಮತ್ತೊಬ್ಬನು ತನ್ನದೆಂದು ಹೇಳಿಕೊಂಡಾಗ ವ್ಯಾಜ್ಯ ಹೂಡಿ ಗೆದ್ದಳು. ಚೀಲದ ತಳಕ್ಕಾಗಿ ವ್ಯಾಜ್ಯವೇ ನಡೆಯಿತೆಂದ ಮೇಲೆ ಅದರ ಮಹತ್ವವನ್ನು ಬೇರೆ ಹೇಳಬೇಕೆ? ನಮ್ಮ ಮನೆಗಳಲ್ಲಿ ಯಂತ್ರ ಬೇಡ, ಕೈ ಸಾಕು.

ಮೊದಲು ಅಂಟು. ಒಂದು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಬಿಳುಪು ಹೋಗಿ, ಗಂಜಿಯಂತೆ ಗಟ್ಟಿಯಾದಾಗ ಇಳಿಸಿ. ಬಿಸಿಗೆ ಹಿಟ್ಟಿನ ಕಣಗಳು ನೀರು ಕುಡಿದು ಉಬ್ಬುವುದರಿಂದಲೇ ಈ ಅಂಟುಗುಣ ಬರುತ್ತದೆ. ಹುಳು ಹಿಡಿಯದಿರಲೆಂದು ಮೈಲುತುತ್ತ ಸೇರಿಸುವ ರೂಢಿಯುಂಟು. ಅದು ವಿಷ, ಮನೆಯ ಕೆಲಸಕ್ಕೆ ಬೇಡ. ಬೇಕಾದಷ್ಟನ್ನೇ ಮಾಡಿಕೊಂಡರಾಯಿತು.

ಇನ್ನು ಮಡಿಕೆ. ವೃತ್ತಪತ್ರಿಕೆಯ ಒಂದು ಹಾಳೆಯನ್ನು ನಡುಮಡಿಕೆ ಬಿಚ್ಚದೆ, ಎರಡು ಪದರವಾಗಿಯೇ ಇಟ್ಟುಕೊಳ್ಳಿ. ಅದು ಸುಮಾರು 54 ಸೆಂಟಿಮೀಟರ್ ಉದ್ದ, 33 ಸೆಂಟಿಮೀಟರ್ ಅಗಲವಿರುತ್ತದೆ. ಉದ್ದ ಅಡ್ಡಲಾಗಿ ಬರುವಂತೆ ಹಾಸಿ. ನಡುಮಡಿಕೆ ಆಚೆಗಿರಲಿ, ಅದೇ ಚೀಲದ ಬಾಯಿ. ಈಚೆಯ ಬಿಡಿ ಅಂಚುಗಳ ನಡುವೆ ತುಸು ಅಂಟು ಸವರಿ ಒಂದುಮಾಡಿ.

ಎಡ ಅಂಚನ್ನು ನಡುಗೆರೆಗಿಂತ ಒಂದು ಸೆಂಟಿಮೀಟರ್ ಮುಂದಕ್ಕೆ ಮಡಿಚಿ. ಬಲ ಅಂಚನ್ನೂ ಹಾಗೆಯೇ ಅದರ ಮೇಲೆ ತಂದು ಅಂಟಿಸಿ. ಈಗ ಎರಡು ಮೈಗಳ, ಚಪ್ಪಟೆಯಾದ ಕೊಳವೆ ಸಿದ್ಧ. ಒಳಗೆ ಅಂಟು ಸೋರಿ ಎರಡು ಮೈಗಳೂ ಕೂಡಿಕೊಳ್ಳದಂತೆ ನೋಡಿಕೊಳ್ಳಿ.

ಈಚೆಯ ತುದಿಯನ್ನು 10 ಸೆಂಟಿಮೀಟರ್ ಮೇಲಕ್ಕೆ ಮಡಿಚಿ ಉಗುರಿನಿಂದ ಗೀರಿ. ಮಡಿಚಿದ ಭಾಗದ ಬಾಯಿ ಬಿಡಿಸಿ, ಮೇಲಿರುವ ಮೈಯನ್ನು ನಿಮ್ಮ ಕಡೆಗೆ ಎಳೆದು ಹಾಸಿ. ಎರಡು ಪಕ್ಕದ ಮೂಲೆಗಳು ತಾವಾಗಿಯೇ ತ್ರಿಕೋನಗಳಾಗುತ್ತವೆ. ಅವನ್ನು ಒತ್ತಿ ಮಟ್ಟಮಾಡಿ. ನಾನು ತಪ್ಪಿದ್ದು ಇಲ್ಲಿಯೇ. ತ್ರಿಕೋನ ಓರೆಯಾದರೆ ಮೂಲೆಯಲ್ಲಿ ಸಂದು ಉಳಿಯುತ್ತದೆ. ಭಾರವೆಲ್ಲ ಅಲ್ಲಿಗೇ ಇಳಿಯುತ್ತದೆ. ಬಳಿಕ ಕೆಳ ಅಂಚನ್ನು ನಡುಗೆರೆ ದಾಟಿಸಿ ಒಂದು ಸೆಂಟಿಮೀಟರ್ ಮೇಲಕ್ಕೂ, ಮೇಲಿನ ಅಂಚನ್ನು ಅದರ ಮೇಲೆ ಅಷ್ಟೇ ಕೆಳಕ್ಕೂ ತಂದು ಅಂಟಿಸಿ. ಪೂರಾ ಒಣಗಿದ ಮೇಲೆ ಬಾಯಿ ತೆರೆದರೆ 17 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ತಳದ ಮೇಲೆ ಚೀಲ ನಿಲ್ಲುತ್ತದೆ. ಹಳೆಯ ರಟ್ಟಿನ ತುಂಡೊಂದನ್ನು ಒಳಗೆ ಹಾಸಿದರೆ ಇನ್ನೂ ಒಳ್ಳೆಯದು.

ಕೆಲವು ಎಚ್ಚರಿಕೆಗಳು. ಕಾಗದಕ್ಕೂ ಮೈದಾ ಅಂಟಿಗೂ ನೀರು ಶತ್ರು. ತೊಳೆದ ಸೊಪ್ಪನ್ನು ಇದರಲ್ಲಿ ತರಬಾರದು. ಅಚ್ಚಿನ ಕಾಗದದಲ್ಲಿ ಬೋಂಡ, ವಡೆ, ಇಡ್ಲಿಗಳನ್ನು ಎಂದೂ ಕಟ್ಟಬಾರದು. ಎಣ್ಣೆಗೂ ಬಿಸಿಗೂ ಮಸಿ ಬಿಟ್ಟು ತಿಂಡಿಗೆ ಸೇರುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೂ ಮತ್ತೆ 2023ರಲ್ಲಿಯೂ ಈ ಎಚ್ಚರಿಕೆ ಕೊಟ್ಟಿದೆ. ಗುಂಡಿ, ದಾರ, ಬಳೆ, ಪುಸ್ತಕ, ಸಿಪ್ಪೆ ಸುಲಿದು ತಿನ್ನುವ ಹಣ್ಣು, ಇವಕ್ಕೆ ಅಡ್ಡಿಯಿಲ್ಲ.

ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದರು. ಚರಂಡಿಗಳಲ್ಲಿ ಅವು ಇನ್ನೂ ಕಾಣುತ್ತಿವೆ. ಆಜ್ಞೆಯೊಂದರಿಂದ ಅಭ್ಯಾಸ ಹೋಗದು. ಕೈಗೆ ಬೇರೆ ಅಭ್ಯಾಸ ಹಿಡಿಯಬೇಕು.

ಕೊನೆಯದಾಗಿ ಒಂದು ಲೆಕ್ಕ. ಒಂದು ಚೀಲಕ್ಕೆ ಏಳು ಮಡಿಕೆ. ನೂರು ಚೀಲಕ್ಕೆ ಏಳುನೂರು. ನನ್ನ ಮೊದಲ ಸರಿಯಾದ ಚೀಲಕ್ಕೆ ಕಾಲು ಗಂಟೆ ಹಿಡಿಯಿತು. ಅಂದಿನಿಂದ ಅಂಗಡಿಯಲ್ಲಿ ಚೀಲಕ್ಕೆ ಬೇರೆ ಕಾಸು ಕೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ. ಕೈಗೆ ತೆಗೆದುಕೊಂಡ ಚೀಲದ ತಳವನ್ನು ಮಾತ್ರ ಒಮ್ಮೆ ತಿರುಗಿಸಿ ನೋಡುತ್ತೇನೆ. ಆ ಏಳು ಮಡಿಕೆಗಳ ಹಿಂದೆ ಯಾರದೋ ಮನೆಯ ಇರುಳಿನ ದುಡಿಮೆಯಿದೆ.